ಎರಡೇ ಗಾಲಿ

ಹಳೆಯದರ ಎಡಗಾಲಿ
ಕಾರವಾರದ ಪ್ಲಾಟ್‌ಫಾರ್ಮಿನಲ್ಲಿ ಬೆಳಗಿನ ಜಾವ ಕಳಚಿಹೋಯಿತು.
ಆಮೇಲೆ ಆಸ್ಪತ್ರೆಯವರೆಗೆ ಅದನ್ನು
ಹಟ ಹಿಡಿದ ಮಗುವಿನ ಹಾಗೆ ಎಳೆದುಕೊಂಡೇ ಹೋದೆ.
ಒಳಗೆ ಡಯಾಲಿಸಿಸ್ ಯಂತ್ರದ ಪಂಪು, ಎರಡು ಸೆನ್ಸರು,
ಒಂದು ನೈಟಿ, ಡಬ್ಬಿಯಲ್ಲಿ ನೀರುಳ್ಳಿ ಚಟ್ನಿ.
ಅಲ್ಲಿ ಮೂವರು ತೋಳು ಮಡಚಿ ಕಾಯುತ್ತಿದ್ದರು.
ತಡ ಯಾಕೆ ಎಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ ಚೆನ್ನಾಗಿತ್ತು.

ಹಂಪನಕಟ್ಟೆಯಲ್ಲಿ ಮೊಯ್ದಿನಬ್ಬರ ಅಂಗಡಿ.
ಸೀಲಿಂಗಿನವರೆಗೆ ಪೆಟ್ಟಿಗೆಗಳು, ಬೆಲ್ಟು ಕಟ್ಟಿಕೊಂಡು
ಎಲ್ಲಿಗೋ ಹೊರಟು ನಿಂತ ನೆಂಟರಂತೆ.
ನನ್ನ ಕಣ್ಣು ಒಂದು ನವಿಲುನೀಲಿಯ ಮೇಲೆ.
"ಬಾಯಿ, ಬಂಗುಡೆ ತೆಗೊಳ್ಳುವಾಗ ಎಂತ ನೋಡ್ತೀರಿ?
ಮೈಯ ಹೊಳಪಾ, ಕಿವಿರಾ?"
ಎಂದವರೇ ಅದನ್ನು ತಲೆಕೆಳಗು ಮಾಡಿ
ಗಾಲಿಯ ಬುಡಕ್ಕೆ ಬೆರಳಿಟ್ಟರು: ರಿವೆಟ್ಟು.
"ಮುರಿದರೆ ಮುರಿಯಿತು, ಕಥೆ ಮುಗಿಯಿತು.
ಸ್ಕ್ರೂ ಇದ್ದರೆ ಬಿಚ್ಚಲಿಕ್ಕೆ ಬರ್ತದೆ."

ಇಪ್ಪತ್ತು ವರ್ಷದ ರಿಪೇರಿಯವಳು ನಾನು.
ಇದನ್ನು ಇನ್ನೊಬ್ಬರು ಹೇಳಬೇಕಾಯಿತಲ್ಲ,
ಕಿವಿ ಬಿಸಿಯಾಯಿತು.

ಜಿಪ್ಪನ್ನು ಉಗುರಿನಲ್ಲಿ ಕೆರೆದು ತೋರಿಸಿದರು.
ನಮ್ಮ ಗಾಳಿಯಲ್ಲಿ ಉಪ್ಪು ಉಂಟು,
ಕಬ್ಬಿಣ ಕಂಡರೆ ಅದಕ್ಕೆ ಹಸಿವು.
ಆಟಿಯಲ್ಲಿ ಒಂದು ವಾರ ಕಪಾಟಿನ ಮೇಲೆ ಇಟ್ಟರೆ ಸಾಕು,
ಬಟ್ಟೆಯ ಚೀಲಕ್ಕೆ ಬೂಷ್ಟು ಹಿಡಿದು
ಬೆಕ್ಕಿನ ಮರಿಯಷ್ಟು ಮೆತ್ತಗಾಗುತ್ತದೆ.
ಆಮೇಲೆ ತಕ್ಕಡಿಯ ಕೊಕ್ಕೆಗೆ ನೀಲಿಯನ್ನು ಸಿಕ್ಕಿಸಿ
ಮೀನಿನ ಹಾಗೆ ತೂಗಿದರು.
"ಬಜ್ಪೆಯಲ್ಲಿ ಬಿಡುವುದು ಏಳು ಕಿಲೊ.
ಪೆಟ್ಟಿಗೆಯೇ ಮೂರೂವರೆ ತಿಂದರೆ
ನಿಮ್ಮ ಪಂಪು ಎಲ್ಲಿ ಕೂತುಕೊಳ್ಳುವುದು ಮಾರಾಯ್ರೆ?"

ಆದರೂ ನನಗೆ ನಾಲ್ಕು ಗಾಲಿಯದೇ ಬೇಕಿತ್ತು.
ಏರ್‌ಪೋರ್ಟಿನಲ್ಲಿ ಕಂಡಿದ್ದೇನೆ, ಇಸ್ತ್ರಿ ಕೆಡದ ಹೆಂಗಸರ ಪಕ್ಕದಲ್ಲಿ
ಅವು ಎಳೆಸಿಕೊಳ್ಳದೆ ನಡೆಯುತ್ತವೆ.
"ಹೊರಗೆ ಬನ್ನಿ" ಎಂದರು.
ಬಾವುಟಗುಡ್ಡೆಯ ಏರಿನಲ್ಲಿ ನಿಂತು, ಹಿಡಿ ಬಿಟ್ಟರು.
ನೀಲಿ ಒಂದು ಕ್ಷಣ ಯೋಚಿಸಿತು.
ಆಮೇಲೆ ಇಳಿಯಿತು ನೋಡಿ,
ಎರಡು ಆಟೋ, ಒಬ್ಬ ಕಾಲೇಜು ಹುಡುಗ,
ನಾನು ಬಾಯಿಗೆ ಕೈ ಇಟ್ಟದ್ದು, ಎಲ್ಲ ದಾಟಿ.
ಬೊಂಡದ ಗಾಡಿಯವನು ಕಾಲು ಒಡ್ಡಿ ನಿಲ್ಲಿಸಿದ,
ಕತ್ತಿಯನ್ನೂ ಕೆಳಗಿಡದೆ,
ಮೊಯ್ದಿನಬ್ಬರ ಈ ಪಾಠ ಅವನಿಗೆ ಬಾಯಿಪಾಠ.
"ನಾಲ್ಕು ಗಾಲಿ ಸಮತಟ್ಟಿನವರಿಗೆ.
ನಾವು ಗುಡ್ಡೆಯವರು."

ಕೊಂಡದ್ದು ಬೂದು ಬಣ್ಣದ್ದು. ಎರಡೇ ಗಾಲಿ, ರಬ್ಬರಿನವು,
ತಲಾ ನಾಲ್ಕು ಸ್ಕ್ರೂ.
ನೀಲಿಯನ್ನು ಒರೆಸಿ ಮತ್ತೆ ಮುಂದಿನ ಸಾಲಿನಲ್ಲೇ ಇಟ್ಟರು.

ಮೊದಲ ಸಲ ಹುಬ್ಬಳ್ಳಿಗೆ ಹೋಗಿ ಬಂದ ರಾತ್ರಿ
ಕಂಕನಾಡಿ ಸ್ಟೇಷನ್ನಿನಲ್ಲಿ ಇಳಿದಾಗ ಮೂರು ಗಂಟೆ.
ನಮ್ಮ ಓಣಿಯ ಇಂಟರ್‌ಲಾಕಿನ ಮೇಲೆ
ಅದು ಬೆಣ್ಣೆಯ ಮೇಲಿನ ಚಾಕುವಿನಂತೆ ಬಂತು.
ನಾಯಿ ಸಹ ತಲೆ ಎತ್ತಲಿಲ್ಲ.
ಮನೆ ಪೂರ್ತಿ ಕತ್ತಲೆ.

ಒಂಬತ್ತು ವರ್ಷ, ಹಳೆಯದರ ಕಟಕಟ
ಓಣಿಯ ತುದಿಯಲ್ಲಿ ಕೇಳಿದ್ದೇ
ವಲೇರಿಯನ್ ಎದ್ದು ಗಂಜಿ ಬಿಸಿಗಿಡುತ್ತಿದ್ದ.
ನಾನು ಬೆಲ್ ಒತ್ತಿದ್ದೇ ಇಲ್ಲ, ಅವನು
"ಬಂದೆಯಾ" ಎಂದು ಕೇಳಿದ್ದೂ ಇಲ್ಲ.

ಬೀಗದ ಕೈ ಹಿಡಿದು ಸ್ವಲ್ಪ ಹೊತ್ತು ನಿಂತೆ.
ಮತ್ತೆ ಮೆಟ್ಟಿಲಿಳಿದು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ
ಕೆಂಪುಕಲ್ಲಿನ ಮೆಟ್ಟಿಲ ಮೇಲೆ
ದಡ್ ಎಂದು ಬಿಟ್ಟೆ.

ಅಡುಗೆಮನೆಯ ದೀಪ ಹತ್ತಿತು.
ಗೀರು ಬಿದ್ದಿದೆ, ಎಡಗಾಲಿಯ ಹತ್ತಿರ, ಅಷ್ಟು ಉದ್ದ.
ಮೊಯ್ದಿನಬ್ಬರಿಗೆ ಹೇಳಲಿಲ್ಲ ಇನ್ನೂ.